ಆರಿನ್ ಸ್ಟ್ರೌಡ್‌ನ ಐದು ಗೇಟುಗಳು

ನಮ್ಮ ಸೇಜ್ ಬೆಂಡ್ ಊರಲ್ಲಿ ಯಾರೂ ಬರೆದಿಡದ ಕಾನೂನೊಂದಿದೆ. ಪಿಕಪ್ ಗಾಡಿ ಓಡಿಸುವವರು ಇಳಿಯುವುದಿಲ್ಲ. ಪಕ್ಕದಲ್ಲಿ ಕೂತವರು ಇಳಿದು ಹುಲ್ಲುಗಾವಲಿನ ಬೇಲಿಯ ಗೇಟು ತೆಗೆಯಬೇಕು, ಗಾಡಿ ದಾಟಿದ ಮೇಲೆ ಮುಚ್ಚಿ ಮತ್ತೆ ಹತ್ತಬೇಕು. ಕ್ಲೀಟ್ ಹಾರ್ಬಿಸನ್‌ನ ದನ ಸಾಕುವ ರಾಂಚಿನಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿದ ನಾನು ಯಾವತ್ತೂ ಪಕ್ಕದಲ್ಲೇ ಕೂತವಳು. ಕರುಗಳಿಗೆ ಬರೆ ಹಾಕಿ ಗುರುತು ಮಾಡುವ ದಿನ ಆಳುಗಳಿಗೆ ಊಟ ಒಯ್ಯುವಾಗ, ನನ್ನ ಮಡಿಲಲ್ಲಿ ಬಿಸಿ ಸ್ಟ್ಯೂ ಪಾತ್ರೆ ಇದ್ದರೂ ಅಷ್ಟೆ. ಕ್ಲೀಟ್ ಗೇಟಿನ ಮುಂದೆ ಗಾಡಿ ನಿಲ್ಲಿಸಿ ನೆಟ್ಟಗೆ ಎದುರು ನೋಡುತ್ತಿದ್ದ. ಪಾತ್ರೆ ಕೆಳಗಿಟ್ಟು ನಾನು ಇಳಿಯುತ್ತಿದ್ದೆ. ಮಾಂಟಾನಾದ ಹಿಮದಲ್ಲಿ, ಕೆಸರಲ್ಲಿ ನಾನು ತೆಗೆದ ಗೇಟುಗಳನ್ನು ಸಾಲಾಗಿ ಜೋಡಿಸಿದರೆ ಕೆನಡಾ ಮುಟ್ಟುತ್ತವೆ.

ಕ್ಲೀಟ್ ಕೆಟ್ಟವನಲ್ಲ. ಇನ್ನೊಬ್ಬರು ಅವನ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಹೋದ ಆಗಸ್ಟಿನಲ್ಲಿ ಅಡುಗೆಮನೆಗೆ ಬಂದವನು ನಾನು ಮಾಡಿದ ಸೇಬಿನ ಪೈ ತಿನ್ನುತ್ತಲೇ ಹೇಳಿದ:

"ನೆಲ್ಡಾ, ನಿನ್ನ ಕೋಣೆ ಬೇಕಾಗಿತ್ತು ಕಣಮ್ಮ. ಬೇಟೆಗೆ ಬರೋ ಗಿರಾಕಿಗಳಿಗೆ ಕೊಡೋಣ ಅಂತ. ಅಕ್ಟೋಬರ್ ಒಳಗೆ ಖಾಲಿ ಮಾಡ್ಬಿಡು."

"ಮತ್ತೆ ನಾನೆಲ್ಲಿ ಮಲಗ್ಲಿ?"

"ಊರಲ್ಲಿ ಎಲ್ಲಾದ್ರೂ ಸಿಗುತ್ತೆ ಬಿಡು. ಪೈ ಚೆನ್ನಾಗಿದೆ."

ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಕೇಳಬೇಕಿದ್ದ ಕೋಣೆ ಅದು. ಅದಕ್ಕೂ ಕುತ್ತು ಬಂತು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಐವತ್ತೇಳಾಯಿತು, ಇನ್ನು ಸಾಯುವುದಿದ್ದರೆ ನನ್ನ ಸ್ವಂತ ಸೂರಿನ ಕೆಳಗೇ ಎಂದುಕೊಂಡೆ.

ಊರಲ್ಲಿ ಆಗ ಮಾರಾಟಕ್ಕಿದ್ದ ಜಾಗಗಳಲ್ಲಿ ನಾನು ಕೂಡಿಟ್ಟ ದುಡ್ಡಿಗೆ ಎಟುಕುವಂಥದ್ದು ಒಂದೇ, ಆರಿನ್ ಸ್ಟ್ರೌಡ್‌ನದು. ತೊರೆಯ ಪಕ್ಕ ಬಿಳಿ ಮನೆ, ಒಂದು ಕೊಟ್ಟಿಗೆ, ಎಂಬತ್ತು ಎಕರೆ ಹುಲ್ಲುಗಾವಲು, ಐದು ಗೇಟು. ಆರಿನ್‌ಗೆ ಎಂಬತ್ತನಾಲ್ಕು. ಸೊಂಟ ಕೈಕೊಟ್ಟಿದ್ದರಿಂದ ಊರೊಳಗೆ ಮೆಟ್ಟಿಲಿಲ್ಲದ ಮನೆಗೆ ಹೋಗುವವನಿದ್ದ.

ನಾನು ಕೇಳಿದ್ದು ಗೊತ್ತಾದದ್ದೇ ತಡ, ಕ್ಲೀಟ್‌ ಕೂಡ ಹೋಗಿ ಕೇಳಿದ. ಆ ತೊರೆಯ ಮೇಲೆ ಅವನಿಗೆ ಮೊದಲಿಂದಲೂ ಕಣ್ಣು. ನನಗಿಂತ ಇಪ್ಪತ್ತು ಸಾವಿರ ಡಾಲರ್ ಹೆಚ್ಚು ಕೊಡುತ್ತೇನೆಂದ. ಮೇವಿನ ಅಂಗಡಿಯಲ್ಲಿ ಎಲ್ಲರೆದುರು ನಕ್ಕೂ ನಕ್ಕ. "ನೆಲ್ಡಾಗೆ ಎಂಬತ್ತು ಎಕರೆ ಯಾಕ್ರಪ್ಪಾ? ಅಷ್ಟಗಲ ಪೈ ಬೇಯಿಸ್ತಾಳಾ?"

ಆರಿನ್ ಮಾತ್ರ ಯಾರಿಗೂ ಹೂಂ ಅನ್ನಲಿಲ್ಲ. "ಜಮೀನು ಪೂರ್ತಿ ಸುತ್ತಿ ನೋಡದವ್ರಿಗೆ ನಾನು ಮಾರಲ್ಲ. ಮಂಗಳವಾರ ಕ್ಲೀಟ್ ನನ್ನ ಕರ್ಕೊಂಡು ಸುತ್ತಲಿ. ಬುಧವಾರ ನೀನು ಬಾ" ಎಂದ.

ಬುಧವಾರ, ಅಂಗಡಿಗೆ ಹೋಗಿಬರಲಷ್ಟೇ ಇಟ್ಟುಕೊಂಡಿದ್ದ ನನ್ನ ಹಳೇ ಪಿಕಪ್ಪಿನಲ್ಲಿ ಅವನನ್ನು ಕೂರಿಸಿಕೊಂಡು ಹೊರಟೆ. ಸೋತೇಬಿಟ್ಟೆ ಎನ್ನುವುದು ಮನಸ್ಸಿಗೆ ಗೊತ್ತಿತ್ತು. ಇಪ್ಪತ್ತು ಸಾವಿರ ಯಾರು ಬಿಡುತ್ತಾರೆ? ಮೊದಲ ಗೇಟು ಬಂತು. ಆರಿನ್‌ನದು ಮುಳ್ಳುತಂತಿಯ ಬಿಗಿ ಗೇಟುಗಳು. ತುದಿಯ ಗೂಟವನ್ನು ತಬ್ಬಿ ಹೆಗಲಿನಿಂದ ಒತ್ತಿದರಷ್ಟೇ ಅದನ್ನು ಹಿಡಿದಿಟ್ಟ ತಂತಿಯ ಬಳೆ ಕಳಚುತ್ತದೆ. ಗಾಡಿ ನಿಲ್ಲಿಸಿ ಇಳಿದೆ, ತೆಗೆದೆ, ಹತ್ತಿ ದಾಟಿಸಿದೆ, ಮತ್ತೆ ಇಳಿದು ಮುಚ್ಚಿ ಬಂದೆ. ಆರಿನ್ ನನ್ನನ್ನೇ ನೋಡುತ್ತಿದ್ದ.

"ಏನ್ ಮಾಡ್ತಿದೀಯ? ಗಾಡಿ ಓಡಿಸ್ತಿರೋಳು ನೀನು."

"ಅಯ್ಯೋ, ಹೌದಲ್ಲ! ಅಭ್ಯಾಸ ನೋಡಿ, ಕಾಲು ತಾನಾಗೇ ಇಳೀತು. ಇರ್ಲಿ ಬಿಡಿ, ಆ ಸೊಂಟ ಇಟ್ಕೊಂಡು ನೀವ್ಯಾಕೆ ಇಳೀತೀರಾ?"

ಎರಡನೇ ಗೇಟಿಗೂ ನಾನೇ ಇಳಿದೆ. ಮೂರನೇದು ಮುಚ್ಚಿ ಬಂದು ನೋಡಿದರೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ.

"ನಿನ್ನೆ ಕ್ಲೀಟ್ ಏನ್ ಮಾಡ್ದ ಗೊತ್ತಾ? ಹೊಸಾ ಗಾಡಿ, ಚರ್ಮದ ಸೀಟು. ಗೇಟ್ ಮುಂದೆ ನಿಲ್ಸಿ ಸುಮ್ನೆ ಕೂತ. ನಾನೂ ಕೂತೆ. ಅವ್ನು ಎದುರು ನೋಡ್ತಾನೇ ಇದಾನೆ! ಕೊನೆಗೆ ನಾನೇ ಕೋಲೂರ್ಕೊಂಡು ಇಳ್ದೆ. ಐದೂ ಗೇಟು ಕಣಮ್ಮ, ಐದೂ! ಕೊನೇದ್ರಲ್ಲಿ ಬಿದ್ದೇಬಿಟ್ಟೆ. 'ನಿಧಾನ, ಆರಿನ್' ಅಂದ, ಕಿಟಕಿಯಿಂದ."

"ಬೇಕಂತ ಮಾಡಿರಲ್ಲ ಅವ್ರು."

"ಗೊತ್ತು. ಅದಕ್ಕೇ ನಂಗೆ ಸಿಟ್ಟು."

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಇಪ್ಪತ್ತು ಸಾವಿರ ಹೆಚ್ಚಿಗೆ ಕೊಡ್ತಾರೆ" ಎಂದು ನಾನೇ ನೆನಪಿಸಿದೆ.

"ಈ ವಯಸ್ಸಲ್ಲಿ ಅದನ್ನಿಟ್ಕೊಂಡು ಏನು ಕೊಳ್ಳಲಿ, ಕುದುರೇನಾ? ಮನೆ ನಿಂದು, ನೆಲ್ಡಾ. ಗೇಟುಗಳನ್ನ ಮಾತ್ರ ಸಡಿಲ ಬಿಡಬೇಡ."

ಹುಲ್ಲುಗಾವಲಿನ ನಟ್ಟನಡುವೆ ಗಾಡಿ ನಿಲ್ಲಿಸಿ ಬಿಕ್ಕಿಬಿಕ್ಕಿ ಅತ್ತೆ. ಆರಿನ್ ಕಿಟಕಿಯಾಚೆ ನೋಡುತ್ತ ಕೂತಿದ್ದ.

ಅಕ್ಟೋಬರ್ ಮೊದಲ ವಾರ ಸಹಿಯಾಯಿತು. ಕೀಲಿ ಕೈಗೆ ಬಂದ ದಿನ ಅಡುಗೆಮನೆ ಗೋಡೆಗೆ ಹದಿನಾಲ್ಕು ಮೊಳೆ ಹೊಡೆದೆ. ತೂಗುಹಾಕಲು ನನ್ನಲ್ಲಿ ಇದ್ದದ್ದು ಮೂರೇ ಬಾಣಲೆ.

ನವೆಂಬರ್ ಹಿಮ ಬಿದ್ದ ಮಾರನೇ ಬೆಳಿಗ್ಗೆ ಕ್ಲೀಟ್ ಟೊಪ್ಪಿ ಕೈಯಲ್ಲಿ ಹಿಡಿದು ನನ್ನ ಅಂಗಳದಲ್ಲಿ ನಿಂತಿದ್ದ. ಅವನ ಎರಡು ಹೋರಿಗಳು ಬೇಲಿ ಮುರಿದು ನನ್ನ ಹುಲ್ಲುಗಾವಲಿನ ಆಚೆ ತುದಿಗೆ ನುಗ್ಗಿದ್ದವು.

"ನಿನ್ನ ಗಾಡೀಲೇ ಹೋಗೋಣ್ವಾ? ನಂದು ಹೊಸದು, ತೊರೇಲಿ ಇಳಿಸಿದ್ರೆ ಗೀರು ಬೀಳುತ್ತೆ."

"ಬನ್ನಿ, ಹತ್ತಿ" ಎಂದೆ.

ದಾರಿಯುದ್ದಕ್ಕೂ ಹೊಸ ಅಡುಗೆಯವನು ಪೈ ಸೀದು ಹಾಕುತ್ತಾನೆಂದು ಗೊಣಗಿದ. ಮೊದಲ ಗೇಟು ಬಂತು. ನಿಲ್ಲಿಸಿದೆ. ಹಾಳು ಕಾಲು ಬಾಗಿಲ ಕಡೆ ಹೊರಳಿತು, ಹಿಡಿದು ಕೂರಿಸಿದೆ. ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟು ನೆಟ್ಟಗೆ ಎದುರು ನೋಡಿದೆ.

ಕ್ಲೀಟ್ ಕೂಡ ಎದುರು ನೋಡುತ್ತಿದ್ದ. ಗಾಜಿನ ಮೇಲೆ ಹಿಮ ಬೀಳುತ್ತಿತ್ತು. ಅವನು ಗೇಟು ನೋಡಿದ, ನನ್ನ ಕೈ ನೋಡಿದ, ತಾನು ಕೂತ ಸೀಟು ನೋಡಿದ. ಮುಖ ಕಿವಿಯವರೆಗೆ ಕೆಂಪಾಯಿತು. ಬಾಗಿಲು ತೆಗೆದು ಇಳಿದ.

ಗೇಟುಗಳನ್ನು ನಾನು ಇನ್ನಷ್ಟು ಬಿಗಿ ಮಾಡಿಸಿದ್ದೆ. ಗೂಟ ತಬ್ಬಿಕೊಂಡು ಒದ್ದಾಡುವಾಗ ಅವನ ಟೊಪ್ಪಿ ಹಿಮದಲ್ಲಿ ಬಿತ್ತು. ನಾನು ಕಿಟಕಿ ಇಳಿಸಿ, "ನಿಧಾನ, ಕ್ಲೀಟ್" ಎಂದೆ.

ಗಾಡಿ ದಾಟಿಸಿ, ಅವನು ಮುಚ್ಚಿ ಬರುವವರೆಗೆ ಹೀಟರಿನ ಬಿಸಿಗಾಳಿಗೆ ಕೈ ಕಾಯಿಸುತ್ತ ಕೂತೆ. ಇನ್ನೂ ನಾಲ್ಕು ಗೇಟು ಬಾಕಿಯಿದ್ದವು.