ಇತರ ಹೆಸರುಗಳು

ಅಪ್ಪ ಕಾಣೆಯಾದ ನಾಲ್ಕನೆಯ ದಿನ ಸಂಗಮೇಶ ಕಂಪ್ಯೂಟರಿನ ಮುಂದೆ ಕೂತ. ಮೊದಲ ಮೂರು ದಿನ ಅವನೇನು ಸುಮ್ಮನಿರಲಿಲ್ಲ. ಪೊಲೀಸರಿಗೆ ದೂರು ಕೊಟ್ಟು, ನವನಗರದ ಸೆಕ್ಟರುಗಳನ್ನೆಲ್ಲ ಗಾಡಿಯ ಮೇಲೆ ಸುತ್ತಿ, ಹಳೇ ಬಾಗಲಕೋಟೆಯ ಹಿನ್ನೀರಿನ ದಂಡೆಗುಂಟ ನಡೆದು, ಕಲಾದಗಿಯ ತನಕ ಹೋಗಿ ಬಂದಿದ್ದ.

ಅಪ್ಪ ಹೊಳಬಸಪ್ಪನವರಿಗೆ ಎಪ್ಪತ್ತೆಂಟು ವರ್ಷ. ಎರಡು ವರ್ಷಗಳಿಂದ ಮರೆವು. ಹುಟ್ಟಿ ಬೆಳೆದ ಓಣಿ ಆಲಮಟ್ಟಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿ ಹೋದದ್ದೂ ಮರೆತುಹೋಗಿತ್ತು. ಸ್ವಂತ ಮನೆಯ ಕಟ್ಟೆಯ ಮೇಲೆ ಕೂತೇ "ಮನಿಗೆ ಹೋಗ್ತೇನಿ" ಅನ್ನುತ್ತಿದ್ದರು. ಒಂದು ಮುಂಜಾನೆ ಹತ್ತರ ಸುಮಾರಿಗೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದವರು ತಿರುಗಿ ಬರಲಿಲ್ಲ.

ಸಂಗಮೇಶ ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು. ಪಾಠದ ತಯಾರಿಗೆಂದು ಒಂದು ಎಐ ಸಹಾಯಕವನ್ನು ಬಳಸುತ್ತಿದ್ದ. ಅದಕ್ಕೆ ಊರಿನ ಬುದ್ಧಿಯೆಲ್ಲ ಇತ್ತು, ನಿನ್ನೆಯ ಸುದ್ದಿ ಮಾತ್ರ ಗೊತ್ತಿರಲಿಲ್ಲ. ಹೊರಗಿನ ಸುದ್ದಿ ತರಬೇಕೆಂದರೆ ಅಂತರ್ಜಾಲ ಹುಡುಕುವ ಸಾಧನವೊಂದನ್ನು ಅದಕ್ಕೆ ಜೋಡಿಸಬೇಕು. ಸಂಗಮೇಶ ಜೋಡಿಸಿದ. ಅದು ನಡೆಯಲು ಬೇಕಾದ ಕೀ, ಅಂದರೆ ಗುಪ್ತ ಸಂಕೇತ, ತರಿಸಿಕೊಂಡು ಹಾಕಿದ. ಯಾವ ಪತ್ರಿಕೆ, ಯಾವ ಜಿಲ್ಲೆಯ ಪ್ರಕಟಣೆ, ಊರೂರಿನ ಯಾವ ಸುದ್ದಿತಾಣ ನೋಡಬೇಕೆಂದು ಪಟ್ಟಿ ಕೊಟ್ಟ. ದಿನಾ ಮುಂಜಾನೆ ಆರಕ್ಕೆ ಹುಡುಕಿ ವರದಿ ಕೊಡಬೇಕೆಂದು ಬರೆದ. ವಿದ್ಯೆ ಕಲಿತದ್ದಕ್ಕೆ ಇಂದಾದರೂ ಉಪಯೋಗವಾಯಿತು ಎಂದು ಅವನಿಗೆ ಅನ್ನಿಸಿತು. ಪಾಪ, ಅನ್ನಿಸಲಿ ಬಿಡಿ.

ಸಹಾಯಕ ಒಂದು ಪ್ರಶ್ನೆ ಕೇಳಿತು: "ಅವರನ್ನು ಕರೆಯುವ ಇತರ ಹೆಸರುಗಳು ಇವೆಯೇ?"

ಸಂಗಮೇಶ ಕೂತಲ್ಲಿಂದಲೇ ಕೂಗಿದ. "ಯವ್ವಾ, ಅಪ್ಪಗ ಬ್ಯಾರೆ ಹೆಸರು ಏನರ ಐತೇನು?"

ತಾಯಿ ಬನಶಂಕರಿ ಅಡುಗೆ ಮನೆಯ ಬಾಗಿಲಿಗೆ ಬಂದಳು. ಐವತ್ತೆರಡು ವರ್ಷದ ಸಂಸಾರದಲ್ಲಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ರೇಶನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರ ಮುಖ ನೋಡುವವಳು.

"ಇದೆಂಥಾದ್ದ ಕೇಳ್ತೀಯೋ ಸಂಗೂ. ನಾ ಹೆಸರು ಹೇಳ್ತೇನೇನು? ನಿನಗ ಗೊತ್ತಿದ್ದದ್ದ ಬರಿ" ಎಂದು ಒಳಗೆ ಹೋದಳು.

ಸಂಗಮೇಶ "ಇಲ್ಲ" ಎಂದು ಬರೆದ.

ಮರುದಿನ ಮುಂಜಾನೆ ಸಹಾಯಕ ಬೀದರದಿಂದ ಚಾಮರಾಜನಗರದವರೆಗೆ ತಪ್ಪಿಸಿಕೊಂಡ ಮುದುಕರನ್ನೆಲ್ಲ ತಂದು ಸುರಿಯಿತು. ಎಂಬತ್ತಮೂರು ಸುದ್ದಿ. ಒಂದೊಂದನ್ನೂ ತೆರೆದು ನೋಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಪ್ರತಿಸಲ ಎದೆ ಹೊಡೆದುಕೊಳ್ಳುವುದು, ಪ್ರತಿಸಲ ಬೇರೆಯವರ ಅಪ್ಪ. ಅದನ್ನು ಅವನಿಂದ ಸಹಿಸಲಾಗಲಿಲ್ಲ. ಹೊಸ ಆದೇಶ ಕೊಟ್ಟ: ಹೊಳಬಸಪ್ಪ ಎಂಬ ಹೆಸರಿನವರ ಸುದ್ದಿ ತಾ, ಹೆಸರೇ ಗೊತ್ತಾಗದವರ ಸುದ್ದಿಯನ್ನೂ ತಾ, ಬೇರೆ ಹೆಸರಿದ್ದವರದು ತರಬೇಡ.

"ಇದರಿಂದ ಕೆಲವು ಸುದ್ದಿಗಳು ತಪ್ಪಿಹೋಗಬಹುದು. ಮುಂದುವರಿಯಲೇ?" ಎಂದು ಕೇಳಿತು.

ಮುಂದುವರಿ ಎಂದ.

ಅಂದಿನಿಂದ ವರದಿ ಚೊಕ್ಕಟವಾಯಿತು. ದಿನಕ್ಕೆ ಎರಡೋ ಮೂರೋ. ಅವುಗಳಲ್ಲಿ ಹೆಚ್ಚಿನವು ಹಳಿಯ ಮೇಲೆ ಸಿಕ್ಕ, ಕಾಲುವೆಯಲ್ಲಿ ತೇಲಿದ ಹೆಣಗಳು. ಬನಶಂಕರಿ ಚಹಾ ತಂದಿಟ್ಟು ಅಲ್ಲೇ ನಿಲ್ಲುತ್ತಿದ್ದಳು. "ಏನಂತೈತಿ ನಿನ್ನ ಡಬ್ಬಿ?" ಅನ್ನುವಳು. "ಏನೂ ಇಲ್ಲಬೇ" ಅನ್ನುವನು. ಅವಳು ಮತ್ತೇನೂ ಕೇಳದೆ ಖಾಲಿ ಕಪ್ಪು ಬಸಿ ಎತ್ತಿಕೊಂಡು ಹೋಗುವಳು. ಹೀಗೆ ಎರಡು ವಾರ ಕಳೆಯಿತು.

ಹತ್ತೊಂಬತ್ತನೆಯ ದಿನ ಸಕ್ರವ್ವ ಬಂದಳು. ಮುಳುಗಿದ ಓಣಿಯಲ್ಲಿ ಹೊಳಬಸಪ್ಪನವರ ಬಾಜೂ ಮನೆಯವಳು. ನೀರು ಬಂದು ಊರು ಎದ್ದಾಗ ಮಗಳ ಊರಿಗೆ ಹೋದವಳಿಗೆ ಸುದ್ದಿ ತಡವಾಗಿ ಮುಟ್ಟಿತ್ತು. ಕಟ್ಟೆಯ ಮೇಲೆ ಕೂತು ಸೆರಗು ಬಾಯಿಗೆ ಹಿಡಿದು ಅತ್ತಳು.

"ನಮ್ಮ ಫಕೀರಾ ಎಲ್ಲಿ ಹೋದ್ಯೋ ಯಪ್ಪಾ! ಎಷ್ಟು ಚಂದ ಓಣಿ ತುಂಬ ಆಡ್ತಿದ್ದ್ಯೋ ಫಕೀರಾ!"

ಸಂಗಮೇಶ ಒಳಗಿಂದ ಎದ್ದು ಬಂದ. "ಫಕೀರ ಅಂದ್ರ ಯಾರು, ಆಯಿ?"

"ನಿಮ್ಮಪ್ಪನೇ ಅಲ್ಲೇನೋ ತಮ್ಮಾ. ನಿಮ್ಮಪ್ಪನ ಅವ್ವಗ ಮೂರು ಕೂಸು ಸತ್ತ ಮ್ಯಾಲೆ ಇವಾಂ ಹುಟ್ಟಿದಾಂವ. ಉಳೀಲಿ ಅಂತ ದರ್ಗಾಕ್ಕ ಹರಕಿ ಹೊತ್ತಿದ್ಲು. ಮೊಹರಮ್ಮಿಗೆ ಕೊರಳಾಗ ಕೆಂಪು ದಾರ ಹಾಕ್ಕೊಂಡು ಐದು ಮನಿ ಬೇಡಿ ತರ್ತಿದ್ದ. ಲಗ್ನ ಆಗೋತನಕ ಫಕೀರ ಅಂತನ ಕರದ್ವಿ. ಹೊಳಬಸಪ್ಪ ಅನ್ನೋದು ಸಾಲಿ ಹೆಸರು. ನಿನಗ್ಯಾರೂ ಹೇಳಿಲ್ಲೇನು?"

ಬನಶಂಕರಿ ಹೊಸ್ತಿಲ ಮೇಲೆ ಕೂತಿದ್ದಳು. ತಲೆ ಎತ್ತಲಿಲ್ಲ.

ಮರೆವು ಮೇಲಿನಿಂದ ಕೆಳಕ್ಕೆ ತಿನ್ನುತ್ತ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಇತ್ತೀಚಿನದು ಮೊದಲು ಹೋಗುತ್ತದೆ, ಎಳೆತನದ್ದು ಕೊನೆಗೆ. ಈಗ ಯಾರಾದರೂ ಹೆಸರು ಕೇಳಿದರೆ ಅಪ್ಪ ಏನೆಂದಾರು? ಸಂಗಮೇಶ ಕೂತು ತನ್ನ ಆದೇಶ ಅಳಿಸಿದ. ಸಾಧನ ತಂದರೂ ಸಹಾಯಕ ತನಗೆ ತೋರಿಸದೆ ಬಿಟ್ಟ ಸುದ್ದಿಗಳನ್ನು ತೆರೆದ. ಹುಡುಕಬೇಕಾಗಲೇ ಇಲ್ಲ. ಕಾಣೆಯಾದ ಆರನೆಯ ದಿನದ್ದು, ಇಳಕಲ್ಲಿನ ಒಂದು ಸಣ್ಣ ಸುದ್ದಿತಾಣದ್ದು: ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದ ವೃದ್ಧರನ್ನು ದವಾಖಾನೆಗೆ ಸೇರಿಸಲಾಗಿದೆ, ಹೆಸರು ಫಕೀರ ಎನ್ನುತ್ತಾರೆ, ಸಂಬಂಧಿಕರು ಬಂದು ಕರೆದೊಯ್ಯಬೇಕು. ಮಂಚದ ಮೇಲೆ ಕೂತ ಅಪ್ಪನ ಫೋಟೋ. ಕೈಯಲ್ಲಿ ಅರ್ಧ ಬಾಳೆಹಣ್ಣು. ಪಕ್ಕದಲ್ಲಿ ಸಹಾಯಕ ಬರೆದಿತ್ತು: ಬೇರೆ ಹೆಸರು, ಬಿಡಲಾಗಿದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವಂತೆ. ಪೂಜಾರಿ ತಾನೇ ಎಂದು ಸಂಗಮೇಶನಿಗೆ ತಿಳಿಯಿತು. ಸುದ್ದಿಯ ಕೆಳಗಿದ್ದ ನಂಬರಿಗೆ ಫೋನು ಮಾಡಿದ. ಎತ್ತಿದವರು "ನೀವು ಬರ್ರಿ" ಎಂದಷ್ಟೇ ಹೇಳಿದರು.

ಅವ್ವನನ್ನು ಸಕ್ರವ್ವನ ಹತ್ತಿರ ಬಿಟ್ಟು ಹುನಗುಂದದ ಮೇಲೆ ಹೋಗುವ ಬಸ್ ಹತ್ತಿದ. ಇಳಕಲ್ಲಿನ ಬಸ್ ಸ್ಟ್ಯಾಂಡಿನಲ್ಲಿ, ಫೋನು ಎತ್ತಿದ್ದ ಮುರ್ತುಜಸಾಬ ಕಾಯುತ್ತಿದ್ದ. ಅಲ್ಲೇ ಚಹಾದ ಅಂಗಡಿ ಅವನದು. ಬಿದ್ದ ಮುದುಕನನ್ನು ಎತ್ತಿ ದವಾಖಾನೆಗೆ ಒಯ್ದವನೂ, ಫೋಟೋ ಕಳಿಸಿ ಸುದ್ದಿ ಹಾಕಿಸಿದವನೂ ಅವನೇ. ದವಾಖಾನೆಯ ಕಡೆ ತಿರುಗದೆ ಊರ ಹೊರಗಿನ ದಾರಿ ಹಿಡಿದಾಗಲೇ ಸಂಗಮೇಶನಿಗೆ ಗೊತ್ತಾಯಿತು. ಗೊತ್ತಾಗಿಯೂ ನಡೆದ.

ಬಯಲಿನ ಮೂಲೆಯಲ್ಲಿ ಹಸಿ ಮಣ್ಣಿನ ದಿಬ್ಬ. ತಲೆಯ ಕಡೆಗೊಂದು ಕಲ್ಲು.

"ನಾಕು ದಿನ ಆತ್ರಿ" ಎಂದ ಮುರ್ತುಜಸಾಬ. "ಎದಿಯಾಗ ಕಫಾ ಕಟ್ಟಿತ್ತು. ವಾರಸುದಾರರು ಬರಬಹುದು ಅಂತ ಎರಡು ದಿನ ಶವಾ ಇಟ್ರು. ಬರಲಿಲ್ಲ. ಯಾವ ಮಂದಿ ಅಂತ ಗೊತ್ತಾಗದ ಇಲ್ಲೇ ಮಣ್ಣು ಮಾಡಿದ್ವಿ. ತಪ್ಪಾತೇನ್ರಿ?"

"ಇಲ್ಲರಿ. ನಮ್ಮಲ್ಲೂ ಮಣ್ಣ ಮಾಡ್ತಾರ" ಎಂದ ಸಂಗಮೇಶ.

"ಭಾಳ ಸಮಾಧಾನದ ಮನಷ್ಯಾ. ಒಂಬತ್ತು ದಿನ ಇದ್ರು. ಬಾಗಿಲ ಸಪ್ಪಳ ಆದ್ರ ಸಾಕು, ಎದ್ದು ಕೂಡ್ತಿದ್ರು. ಮಗ ಬಂದಾನೇನು ನೋಡಪಾ ಅಂತ ನನ್ನ ಕಳಸ್ತಿದ್ರು." ಮುರ್ತುಜಸಾಬ ಟೋಪಿ ತೆಗೆದು ಹಣೆ ಒರೆಸಿಕೊಂಡ. "ಆ ಫೋಟೋ ಅರ್ಧಾ ಜಿಲ್ಲಾ ನೋಡೇತ್ರಿ. ನಿಮಗ ಸುದ್ದೀನ ಮುಟ್ಟಲಿಲ್ಲೇನ್ರಿ?"

ಮುಟ್ಟಲಿಲ್ಲ ಎಂದರೆ ಮುಗಿದುಹೋಗುತ್ತಿತ್ತು. ಅಲ್ಲಿ ಅಲ್ಲವೆನ್ನುವವರು ಯಾರೂ ಇರಲಿಲ್ಲ.

"ಮುಟ್ಟಿತ್ರಿ" ಎಂದ ಸಂಗಮೇಶ. "ಮನಿತನಕ ಬಂದಿತ್ತು. ನಾನ ಒಳಗ ಬಿಡಬ್ಯಾಡ ಅಂದಿದ್ನಿ."