ಸಭೆಯಲ್ಲಿ ಎದ್ದು ನಿಂತ ಎಫಿಮಿಯಾ

ಕಾಲೇಜಿನಿಂದ ಮತ್ತೊಂದು ಕಾಗದ ಬಂದಿತ್ತು, ಅದೂ ಇಂಗ್ಲಿಷಿನಲ್ಲೇ. ಕ್ಯಾಲಿಫೋರ್ನಿಯಾದ ಕಣಿವೆಯ ಆ ಊರಿನಲ್ಲಿ ಎಫಿಮಿಯಾಗೆ ಪೀಚ್ ಹಣ್ಣು ಪೆಟ್ಟಿಗೆಗೆ ತುಂಬುವ ಕೆಲಸ. ಅವಳಿಗೆ ಬರುವುದು ಸ್ಪ್ಯಾನಿಷ್ ಒಂದೇ. ಕಾಗದವನ್ನು ಪಕ್ಕದ ಮನೆಯ ಒಫೀಲಿಯಾಳ ಕೈಗಿತ್ತಳು. ಒಫೀಲಿಯಾ ಅದೇ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವಳು.

“ನಮ್ಮ ಭಾಷೆ ಮಾತಾಡೋ ಸಲಹೆಗಾರ್ತಿ ಇದ್ದಾರಲ್ಲ, ಆ ಹುದ್ದೆ ತೆಗೀತಾರಂತೆ. ಗುರುವಾರ ಆಡಳಿತ ಮಂಡಳಿಯ ಸಭೆ. ತೆಗೀಬೇಡಿ ಅಂತ ಮಕ್ಕಳು ಒಟ್ಟಾಗಿದ್ದಾರೆ. ನಿನ್ನ ಮಗಳು ಯರೆಟ್ಸಿನೇ ಮುಂದೆ.”

“ಓದೋಕೆ ಕಳ್ಸಿದ್ರೆ ಜಗಳಕ್ಕೆ ನಿಂತಳಾ? ಕಾಲೇಜಿಂದ ಹೊರಗೆ ಹಾಕಿದ್ರೆ?”

“ಅಲ್ಲ ಕಣೇ, ಅಲ್ಲಿರೋ ಮಕ್ಕಳಲ್ಲಿ ಅರ್ಧಕ್ಕರ್ಧ ನಮ್ಮೋರು. ಅದಕ್ಕೇ ಅಂತ ಕಾಲೇಜಿಗೆ ಸರ್ಕಾರದ ಅನುದಾನ ಬರ್ತಿದೆ. ಅದು ನಮ್ಮ ಮಕ್ಕಳಿಗೆ ಮುಟ್ತಾ ಅಂತ ಕೇಳೋದು ಜಗಳನಾ? ನೀನೂ ಸಭೆಗೆ ಬಾ.”

“ಮೂರನೇ ಕ್ಲಾಸು ಓದಿದ ನನಗೆ ಅಲ್ಲೇನು ಕೆಲಸ?”

“ಬಾಗಿಲು ಎಲ್ಲರಿಗೂ ತೆರೆದಿರುತ್ತೆ. ಬಂದು ಕೂತ್ಕೋ, ಸಾಕು.”

ಗುರುವಾರ ಎಫಿಮಿಯಾ ಹಿಂದಿನ ಸಾಲಿನಲ್ಲಿ ಮುದುರಿ ಕೂತಳು. ಅನುವಾದ ಕೇಳಲೆಂದು ಕಿವಿಗೊಂದು ಯಂತ್ರ ಕೊಟ್ಟರು. ಯರೆಟ್ಸಿ ಮೈಕಿನ ಮುಂದೆ ನಿಂತಳು.

“ಗಣಿತದಲ್ಲಿ ಎರಡು ಸಲ ಫೇಲಾದೆ. ಅಮ್ಮನಿಗೆ ಹೇಳೋಕೆ ನಾಚಿಕೆ. ಕಾಲೇಜು ಬಿಡೋಳಿದ್ದೆ. ಆ ಸಲಹೆಗಾರ್ತಿ ಮೇಡಂ ದಿನಾ ಕೂರಿಸಿಕೊಂಡು ದಾರಿ ತೋರಿಸಿದ್ರು.”

ಎಫಿಮಿಯಾ ಕಿವಿಯ ಯಂತ್ರವನ್ನು ಒತ್ತಿ ಹಿಡಿದು ಕೇಳಿದಳು. ಡಾಕ್ಟರ ಮುಂದೆ ತನ್ನ ಪರವಾಗಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ಪುಟ್ಟ ಹುಡುಗಿ ಈಗ ಊರಿನ ಮಕ್ಕಳೆಲ್ಲರ ಪರವಾಗಿ ಮಾತಾಡುತ್ತಿದ್ದಳು. ಧ್ವನಿ ಒಂದಿಷ್ಟೂ ನಡುಗಲಿಲ್ಲ. ಇವಳು ನನ್ನ ಹೊಟ್ಟೆಯಲ್ಲೇ ಹುಟ್ಟಿದವಳೇ ಎನಿಸಿತು.

“ಇನ್ಯಾರಾದರೂ ಮಾತಾಡುತ್ತೀರಾ?” ಎಂದರು ಅಧ್ಯಕ್ಷರು. ತನಗೇ ತಿಳಿಯದಂತೆ ಎಫಿಮಿಯಾ ಎದ್ದಿದ್ದಳು. ಅವಳು ಸ್ಪ್ಯಾನಿಷಿನಲ್ಲಿ ಬಾಯಿ ತೆರೆದದ್ದೇ ತಡ, ಏಳೂ ಸದಸ್ಯರು ಯಂತ್ರಗಳನ್ನು ಎತ್ತಿ ಕಿವಿಗೆ ಹಾಕಿಕೊಂಡರು.

“ಹತ್ತೊಂಬತ್ತು ವರ್ಷದಿಂದ ಈ ಊರಲ್ಲಿದ್ದೀನಿ. ಈ ಗೇಟು ದಾಟಿದ್ದು ಇವತ್ತೇ. ಮಗಳು ಬೀಳ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಆ ಮೇಡಂಗೆ ಗೊತ್ತಿತ್ತು. ಅವರನ್ನ ಕಳಿಸಬೇಡಿ.”

ಹುದ್ದೆ ಇರಲಿ ಎಂದು ಐದು ಮತ, ಬೇಡವೆಂದು ಎರಡು. ಸದ್ಯಕ್ಕೆ ಒಂದು ವರ್ಷದ ಮಟ್ಟಿಗೆ ಹುದ್ದೆ ಉಳಿಯಿತು.

“ಎರಡು ಸಲ ಫೇಲಾದೆಯಾ?” ಎಂದಳು ತಾಯಿ, ಹೊರಗೆ ಬಂದ ಮೇಲೆ.

“ಮೂರನೇ ಸಲ ಪಾಸಾದೆ, ಅಮ್ಮ.”

“ಮುಂದಿನ ಸಭೆ ಯಾವತ್ತು?”

ನಿಮ್ಮ ಮಗುವೂ ಕಾಲೇಜಿನಲ್ಲಿದೆಯೇ? ಒಮ್ಮೆ ಒಳಗೆ ಹೋಗಿ ಬನ್ನಿ. ಸಹಾಯ ಮಾಡುವವರು ಯಾರು, ಎಲ್ಲಿ ಕೂರುತ್ತಾರೆ, ಕೇಳಿ ತಿಳಿದುಕೊಳ್ಳಿ. ಮಕ್ಕಳು ತಮ್ಮ ಹಕ್ಕು ಕೇಳಲು ನಿಂತರೆ ಹಿಂದಕ್ಕೆ ಎಳೆಯಬೇಡಿ, ಜೊತೆಗೆ ಹೋಗಿ. ನಿಮಗೆ ಬರುವ ಭಾಷೆಯಲ್ಲೇ ಮಾತಾಡಿ. ಕೇಳಿಸಿಕೊಳ್ಳುವುದು ಕಾಲೇಜಿನವರ ಕೆಲಸ.