ಮೂಟೆಗೆ ಕುಂಕುಮ

ಶಿವಮೊಗ್ಗದ ಕೋಟೆ ಬೀದಿಯಲ್ಲಿ ಶರಾವತಿ ಟೀಚರ ಹಳೇ ಫಿಯೆಟ್ ಕಾರನ್ನು ಕಾಣದವರಿಲ್ಲ. ಅಪ್ಪ ಲಕ್ಷ್ಮೀಕಾಂತ ಮೇಷ್ಟ್ರು ಹರೆಯದಲ್ಲಿ ಕೊಂಡಿದ್ದು, ಸಾಯುವ ಮೊದಲು ಮಗಳ ಹೆಸರಿಗೆ ಮಾಡಿಸಿಕೊಟ್ಟಿದ್ದು. ಶರಾವತಿಯ ಬಲಗಾಲು ಮೂರನೇ ವರ್ಷಕ್ಕೇ ಪೋಲಿಯೋಗೆ ಹೋಗಿತ್ತು. ಭದ್ರಾವತಿಯ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕ ಮೇಲೆ ದಿನಾ ಬಸ್ಸು ಹತ್ತುವುದೇ ಒಂದು ಯುದ್ಧವಾಯಿತು. "ಯಾರಾದ್ರೂ ಎತ್ರೀ ಈ ಅಮ್ಮನ್ನ, ಲೇಟಾಯ್ತು" ಎಂದು ಕಂಡಕ್ಟರು ಕೂಗುವುದು, ಅಕ್ಕಿ ಮೂಟೆಯ ಹಾಗೆ ಯಾರೋ ಎತ್ತುವುದು. ಎತ್ತಿದ ಕೈಗಳೆಲ್ಲ ಸಭ್ಯವಾಗಿರಬೇಕಲ್ಲ? ಥೂ, ಆ ಮಾತು ಬಿಡಿ.

ಕಡೆಗೆ ಅಪ್ಪನೇ ಗಾಡಿಯನ್ನು ಭದ್ರಾವತಿ ಓಲ್ಡ್ ಟೌನಿನ ಮೆಕ್ಯಾನಿಕ್ ಯೋಗರಾಜನ ಶೆಡ್ಡಿಗೆ ಒಯ್ದಿದ್ದರು. ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಹಾಕಿದ ಕಾಲು ಸಿಕ್ಕಿಕೊಳ್ಳದ ಹಾಗೆ ಯೋಗರಾಜ ಬ್ರೇಕಿನ ಪೆಡಲು, ಆಕ್ಸಿಲರೇಟರ್ ಪೆಡಲು, ಅವುಗಳ ರಾಡು ಎಲ್ಲ ಕಳಚಿ, ಸ್ಟಿಯರಿಂಗಿನ ಕೆಳಗೆ ಒಂದು ಕೈಲಿವರ್ ಕೂರಿಸಿದ. ತಳ್ಳಿದರೆ ಬ್ರೇಕು, ಎಳೆದರೆ ಓಟ. ಕ್ಲಚ್ಚು ಎಡಗಾಲಿನದು, ಆ ಕಾಲು ಗಟ್ಟಿಯಾಗೇ ಇತ್ತು. "ಕಳಚಿದ್ದನ್ನ ಬಿಸಾಕಬೇಡ ಮಾರಾಯ, ಇರಲಿ" ಎಂದರು ಅಪ್ಪ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಮನುಷ್ಯ. ಹಾಗಾಗಿ ಕಂಪನಿಯ ಆ ಸಾಮಾನೆಲ್ಲ ಗೋಣಿಚೀಲ ಸೇರಿ ಮನೆಯ ಮೆಟ್ಟಿಲ ಕೆಳಗೆ ಕೂತಿತು.

ಕೂತದ್ದು ಸುಮ್ಮನೆ ಕೂತಿತೇ? ಪ್ರತಿ ಆಯುಧಪೂಜೆಗೂ ಅಮ್ಮ ವೇದಾವತಿ ಕಾರಿನ ಬಾನೆಟ್ಟಿಗೆ, ಚಕ್ರಕ್ಕೆ, ಸ್ಟಿಯರಿಂಗಿಗೆ ಅರಿಶಿನ ಕುಂಕುಮ ಇಟ್ಟು, ಆಮೇಲೆ ಮೆಟ್ಟಿಲ ಕೆಳಗೆ ಬಗ್ಗಿ ಆ ಮೂಟೆಗೂ ಇಡುತ್ತಿದ್ದರು.

"ಅವೂ ಗಾಡಿಯವೇ ಅಲ್ವೇನೆ? ಯಾವತ್ತಾದ್ರೂ ವಾಪಸ್ ಕೂರೋವೇ."

ದಿನಾ ಮಗಳ ಜೀವ ಕಾಯುತ್ತಿದ್ದ ಕೈಲಿವರಿಗೆ ಮಾತ್ರ ಒಂದು ಚಿಟಿಕೆ ಕುಂಕುಮ ಬಿದ್ದಿದ್ದಿಲ್ಲ. ಶರಾವತಿ ವರ್ಷವರ್ಷವೂ ನೋಡಿದಳು, ತುಟಿ ಪಿಟಿಕ್ಕೆನ್ನಲಿಲ್ಲ. ಒಳಗೆ ಮಾತ್ರ ಉರಿಯುತ್ತಿತ್ತು. ಯಾವತ್ತಾದರೂ ಅಂದರೆ ಯಾವತ್ತು? ತಾನು ಗಾಡಿ ಬಿಡುವುದು ನಿಂತ ದಿನ ತಾನೇ? ಹೆತ್ತ ತಾಯಿ ದೀಪ ಹಚ್ಚಿ ಬೇಡಿಕೊಳ್ಳುತ್ತಿರುವುದು ಅದನ್ನೇ ತಾನೇ?

ಎರಡು ಸಾವಿರದ ಮೂರರ ಆಯುಧಪೂಜೆಯ ದಿನ ಪಕ್ಕದ ಬೀದಿಯಿಂದ ಅಣ್ಣ ಗುರುಪ್ರಸಾದ್ ಬಂದು ಊಟ ಮುಗಿಸಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು ತೆಗೆದ.

"ಹಳೇ ಕಾರಿನವರೆಲ್ಲ ಸೇರಿ ತ್ಯಾವರೆಕೊಪ್ಪದ ಸಿಂಹಧಾಮದ ತನಕ ಮೆರವಣಿಗೆ ಇಟ್ಕೊಂಡಿದೀವಿ ಶರೂ. ಕಂಪನಿಯಿಂದ ಬಂದ ಹಾಗೇ ಇರೋ ಗಾಡಿ ಮಾತ್ರ ಸೇರಿಸ್ಕೊಳ್ತಾರೆ. ಮೂಟೆ ಹೇಗೂ ಇದೆ. ಯೋಗರಾಜನ ಹತ್ರ ಹಾಕಿಸ್ಬಿಡೋಣ."

"ಓಡ್ಸೋದು ಯಾರು?"

"ನಾನೇ. ನೀನು ಪಕ್ಕದಲ್ಲಿ ರಾಣಿ ಥರ ಕೂತ್ಕೋ ಮಾರಾಯ್ತಿ."

"ಆಮೇಲೆ?"

"ಆಮೇಲೆ ಹಾಗೇ ಇರ್ಲಿ. ಪದೇ ಪದೇ ಕಳಚೋದು ಗಾಡಿಗೆ ಒಳ್ಳೇದಲ್ಲ. ನಿಂಗೂ ವಯಸ್ಸಾಗ್ತಾ ಬಂತು. ಸ್ಕೂಲಿಗೆ ದಿನಾ ನಾನೇ ಬಿಡ್ತೀನಿ."

ಬಿಡ್ತಾನಂತೆ! ಬಿಸಿಲು ಹೊಟ್ಟೆಯ ಮೇಲೆ ಬೀಳುವ ತನಕ ಮಲಗುವ ಗಂಡಸು. ಇವತ್ತು ಬಿಡುತ್ತಾನೆ, ನಾಳೆ ಆಫೀಸಿನಲ್ಲಿ ಕೆಲಸ ಎನ್ನುತ್ತಾನೆ, ನಾಳಿದ್ದು ಮತ್ತೆ ಅದೇ ಬಸ್ಸು, ಅದೇ ಕೈಗಳು. ಶರಾವತಿಗೆ ಕಂಡಕ್ಟರನ ಕೂಗು ಕಿವಿಯ ಬುಡದಲ್ಲೇ ಕೇಳಿಸಿತು.

"ನಾಳೆ ವಿಜಯದಶಮಿ, ಒಳ್ಳೇ ದಿನ" ಎಂದಳು. "ಬೆಳಿಗ್ಗೆ ಮೂಟೆ ತಂದು ಗಾಡಿಗೆ ಹಾಕು. ನಾನೇ ಓಡಿಸ್ತೀನಿ, ಭದ್ರಾವತಿಗೆ ಹೋಗೋಣ."

ಇಷ್ಟು ಬೇಗ ಒಪ್ಪಿಬಿಟ್ಟಳಲ್ಲ ಎಂದು ಅಣ್ಣನಿಗೆ ಸ್ವರ್ಗ ಮೂರೇ ಗೇಣು. ಅವಳು ಸುಳ್ಳೇನೂ ಹೇಳಿರಲಿಲ್ಲ. ಭದ್ರಾವತಿಯಲ್ಲಿ ಎಲ್ಲಿಗೆ ಎಂದು ಅವನು ಕೇಳಿರಲಿಲ್ಲ, ಅಷ್ಟೇ.

ಯೋಗರಾಜನ ಶೆಡ್ಡಿನ ಎದುರಿಗೇ ಉಜ್ಜನಪ್ಪನ ಸಣ್ಣ ಫೌಂಡ್ರಿ. ಹಳೇ ಕಬ್ಬಿಣ ಕರಗಿಸಿ ಅಚ್ಚಿಗೆ ಎರೆಯುವ ಜಾಗ. ಹಬ್ಬಕ್ಕೆ ಆರಿಸಿದ್ದ ಭಟ್ಟಿಯನ್ನು ಅವತ್ತೇ ಮತ್ತೆ ಹೊತ್ತಿಸಿದ್ದರು. ಶರಾವತಿ ಕಾರನ್ನು ಸೀದಾ ಅದರ ಗೇಟಿನೊಳಕ್ಕೆ ತಿರುಗಿಸಿದಳು.

"ಏಯ್, ಶೆಡ್ಡು ಆ ಕಡೆ ಕಣೆ!"

"ಗೊತ್ತಣ್ಣ. ದಿನಾ ಬರೋ ದಾರಿ."

ಅವಳ ಗಾಡಿಯ ಸದ್ದು ಕೇಳಿ ಯೋಗರಾಜ ಕೈ ಒರೆಸಿಕೊಳ್ಳುತ್ತ ಓಡಿ ಬಂದ. ಅವನ ಕೈಯಿಂದಲೇ ಮೂಟೆ ಇಳಿಸಿ, ಭಟ್ಟಿಯ ಮುಂದಿದ್ದ ಗುಜರಿ ರಾಶಿಯ ಮೇಲೆ ಸುರಿಸಿದಳು. ಅಣ್ಣನಿಗೆ ಆಗ ಅರ್ಥವಾಯಿತು.

"ತಲೆ ಕೆಟ್ಟಿದೆಯಾ ನಿಂಗೆ? ಬಡ್ಕೊಂಡ್ರೂ ಇನ್ನೊಂದು ಸಿಗಲ್ಲ ಕಣೆ ಇದು!"

"ಅದಕ್ಕೇ ತಂದಿದ್ದು. ಸಿಗೋ ಹಾಗಿದ್ರೆ ನೀನು ಇನ್ನೊಂದು ತಂದು ಹಾಕಿಸ್ತಿದ್ದೆ."

"ಅಪ್ಪ ಇಡು ಅಂದಿದ್ರು!"

"ಇಡು ಅಂದ್ರು. ವಾಪಸ್ ಹಾಕು ಅನ್ಲಿಲ್ಲ. ಕೊನೇಲಿ ಆಸ್ಪತ್ರೆಗೆ ಹೋಗಿದ್ದೂ ಇದೇ ಗಾಡೀಲಿ, ನಾನು ಓಡಿಸಿದ್ದು. ನೀನು ಆವತ್ತು ಎಲ್ಲಿದ್ದೆ?"

ಯೋಗರಾಜ ಮೆಲ್ಲಗೆ, "ಟೀಚರೇ, ಒಂದ್ಸಲ ಕರಗಿದ್ರೆ ಮುಗೀತು. ಇನ್ನೊಂದ್ಸಲ ಯೋಚ್ನೆ ಮಾಡಿ" ಎಂದ.

ಶರಾವತಿ ಬ್ರೇಕಿನ ಪೆಡಲು ಎತ್ತಿಕೊಂಡಳು. ಅದರ ರಬ್ಬರು ಒಂದು ಮೂಲೆಯಲ್ಲಿ ಸವೆದಿತ್ತು. ಅಪ್ಪನ ಚಪ್ಪಲಿ ಸವೆಸಿದ್ದು. ಆ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದಳು. ಒಂದು ಗಳಿಗೆ, ಮೂಟೆ ಮತ್ತೆ ಕಟ್ಟಿಸಿಬಿಡೋಣ ಎನ್ನಿಸಿತು. ಆದರೆ ಕಟ್ಟಿದ ಮೂಟೆ ಮೆಟ್ಟಿಲ ಕೆಳಗೆ ಕಾಯುತ್ತಲೇ ಇರುತ್ತದೆ. ಈ ವರ್ಷ ಅಣ್ಣ, ಮುಂದಿನ ವರ್ಷ ಇನ್ಯಾರೋ.

"ರಬ್ಬರ್ ಭಟ್ಟಿಗೆ ಬೇಡ ಅಕ್ಕಾ, ಹೊಗೆ ಬರುತ್ತೆ" ಎಂದ ಉಜ್ಜನಪ್ಪ.

ಅವಳು ಅದನ್ನು ಕಿತ್ತು ಅಣ್ಣನ ಕೈಯಲ್ಲಿಟ್ಟಳು. "ತಗೋ. ಅಪ್ಪನ ನೆನಪು ಬೇಕಾದ್ರೆ ಇದು ನಿಂಗಿರ್ಲಿ. ಗಾಡಿ ನಂದು."

ಪೆಡಲುಗಳು ಹೋದವು, ರಾಡುಗಳು ಹೋದವು. ಎಲ್ಲ ಕೆಂಪಗೆ ಕರಗುವ ತನಕ ಅವಳು ಅಲ್ಲೇ ನಿಂತಳು.

ವಾಪಸ್ ಬರುವ ದಾರಿಯುದ್ದಕ್ಕೂ ಅಣ್ಣ ರಬ್ಬರು ಹಿಡಿದು ಕೂತಿದ್ದ. ಮನೆಯ ಗೇಟಿನಲ್ಲಿ ಅಮ್ಮ, ವಾಪಸ್ ಕೂತ ಪೆಡಲುಗಳಿಗೆ ಇಡಲು, ಕುಂಕುಮದ ತಟ್ಟೆ ಹಿಡಿದು ಕಾಯುತ್ತಿದ್ದರು. ಕಾರಿನೊಳಗೆ ಇಣುಕಿ ಲಿವರ್ ನೋಡಿದರು.

"ಹಾಕಿಸ್ಲಿಲ್ವೇನೆ? ಮೂಟೆ ಎಲ್ಲಿ?"

"ಕರಗಿಸ್ಬಿಟ್ಟೆ. ಇನ್ನು ವಾಪಸ್ ಕೂರೋಂಥದ್ದು ಏನೂ ಇಲ್ಲಮ್ಮ."

"ಪೂಜೆ ಮಾಡಿದ್ದನ್ನ ಕರಗಿಸಿದ್ಯಲ್ಲೇ ಪಾಪಿ!"

"ನಿನ್ನ ಪೂಜೆ ಫಲಿಸಿದ್ರೆ ನಾನು ಬಸ್ ಸ್ಟ್ಯಾಂಡಲ್ಲಿ ಇರ್ತಿದ್ದೆ. ಯಾರಾದ್ರೂ ಎತ್ಲಿ ಅಂತ." ಶರಾವತಿಯ ಕೈ ಲಿವರ್ ಬಿಡಲಿಲ್ಲ. "ಇಡೋದಾದ್ರೆ ಇದಕ್ಕಿಡು. ಇಲ್ದಿದ್ರೆ ತಟ್ಟೆ ಒಳಗೆ ತಗೊಂಡು ಹೋಗು."

ಎಂದೂ ಕೇಳಿರದ ಮಾತು ಕೇಳಿದ ಮುಖ ಅಮ್ಮನದು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಕಾರಿನ ಬಾಗಿಲು ತೆರೆದರು.

"ಕೈ ತೆಗಿ" ಎಂದರು.

ಶರಾವತಿ ಕೈ ತೆಗೆದಳು. ಅಮ್ಮ ಸೊಂಟ ಹಿಡಿದುಕೊಂಡು ಸ್ಟಿಯರಿಂಗಿನ ಕೆಳಕ್ಕೆ ಬಗ್ಗಿ, ಸವೆದು ಹೊಳೆಯುತ್ತಿದ್ದ ಆ ಲಿವರಿಗೆ ಅರಿಶಿನ ಹಚ್ಚಿ ಕುಂಕುಮ ಇಟ್ಟರು.

"ಎಷ್ಟು ಕೆಳಗಿಟ್ಟಿದಾನಲ್ಲೇ ಯೋಗರಾಜ ಇದನ್ನ" ಎಂದು ಗೊಣಗಿದರು. "ಮುಂದಿನ ವರ್ಷ ಮೊದ್ಲು ಇದಕ್ಕೇ ಇಟ್ಬಿಡ್ತೀನಿ. ಆಮೇಲೆ ನಂಗೆ ಬಗ್ಗೋಕಾಗಲ್ಲ."